ಮಹಾನವಮಿಗೆ ತೊಳೆದ ಫಿಲ್ಟರ್

ಇದನ್ನು ಹೇಳಬೇಕೆಂದುಕೊಂಡು ಎಷ್ಟು ಸಲ ಬಾಯಿ ಮುಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಬೇಕೆಂದೆ, ಆಗಲಿಲ್ಲ. ಮಕ್ಕಳಿಗೆ ಮೀನಿನ ಕಥೆಯನ್ನು ಹತ್ತಾರು ಸಲ ಹೇಳಿದ್ದೇನೆ. ಆದರೆ ಪ್ರತಿ ಸಲವೂ ಎಲ್ಲರೂ ನಗುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಚಹಾ ತರಲು ಹೇಳಿ ಎದ್ದುಬಿಟ್ಟಿದ್ದೇನೆ. ಈಗ ನನಗೆ ಅರವತ್ತೆಂಟು. ಈ ಸಲ ಎದ್ದು ಹೋಗುವುದಿಲ್ಲ.

ಆ ಕಾಲದಲ್ಲಿ ನಮ್ಮ ತಿಕೋಟಾದಲ್ಲಿ ನೀರು ಎಂದರೆ ಬಾವಿ, ಕೊಡ, ಹಂಡೆ ಇಷ್ಟೇ. ನೀರನ್ನು ಗಾಜಿನೊಳಗೆ ತುಂಬಿ, ಅದರಲ್ಲಿ ಮೀನು ಬಿಟ್ಟು, ಅದರ ಮುಂದೆ ಸುಮ್ಮನೆ ಕುಳಿತು ನೋಡಬಹುದು ಎಂದು ಯಾರಾದರೂ ಹೇಳಿದ್ದರೆ ಊರು ನಗುತ್ತಿತ್ತು. ನಾನು ಆರನೆಯ ಇಯತ್ತೆಯಲ್ಲಿದ್ದೆ. ನಾಗರ ಪಂಚಮಿಯ ಉಂಡಿ ಡಬ್ಬಿಯಲ್ಲಿ ಇನ್ನೂ ಉಳಿದಿದ್ದವು, ಬೇವಿನ ಮರದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಅಂಥ ಒಂದು ಸಂಜೆ ಕಲ್ಲಪ್ಪ ಕಾಕಾ ಬಸ್ಸಿನಿಂದ ಇಳಿದ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಬಸ್ಸಿನ ಟಾಪಿನ ಮೇಲೆ ಗೋಣಿಚೀಲ ಸುತ್ತಿದ ಗಾಜಿನ ಪೆಟ್ಟಿಗೆ.

ಕಾಕಾ ನನ್ನ ಅಪ್ಪನ ತಮ್ಮ. ವಿಜಯಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ರೇಡಿಯೋ ಸಾಮಾನು ತರಲು ಸೊಲ್ಲಾಪುರಕ್ಕೆ ಹೋದವನು ಐದು ಬಂಗಾರ ಬಣ್ಣದ ಮೀನು ತಂದಿದ್ದ! ಕ್ಯಾನಿನೊಳಗೆ ಬಗ್ಗಿ ನೋಡಿದೆ. ಕತ್ತಲ ನೀರಿನಲ್ಲಿ ಕೆಂಡದ ಚೂರುಗಳು ಓಡಾಡಿದ ಹಾಗಿತ್ತು.

ಅಷ್ಟರಲ್ಲಿ ಪಡಸಾಲೆಯಿಂದ ಆಯಿ ಬಂದಳು. ಆಯಿ ಎಂದರೆ ನನ್ನ ಅಪ್ಪನ, ಕಾಕಾನ ತಾಯಿ.

"ಏನೋ ಇದು ಕಲ್ಲಪ್ಪಾ? ಮೀನಾ? ನಮ್ಮ ಮನ್ಯಾಗ ಮೀನಾ?"

"ತಿನ್ನಾಕಲ್ಲ ಯವ್ವಾ, ನೋಡಾಕ."

"ನೋಡಾಕ ಎಮ್ಮಿ ಐತಲ್ಲೋ! ಬೇಕಾದಷ್ಟ ನೋಡು. ಹಾಲರ ಕೊಡತೈತಿ."

ತತ್ತಿ ತಿಂದವನನ್ನು ಕೂಡ ಅಡಿಗೆಮನೆಯ ಹೊಸ್ತಿಲು ದಾಟಿಸದ ಮನೆ ನಮ್ಮದು. ಕಾಕಾ ಅಂಗಲಾಚಿದ, ನಾನು ಅವಳ ಸೆರಗು ಹಿಡಿದು ಜೋತುಬಿದ್ದೆ. ಕೊನೆಗೆ ಆಯಿ ಒಂದು ಕರಾರು ಹಾಕಿದಳು.

"ಒಂದ ದಿನಾ ನಾತ ಬಂತಂದ್ರ ಗಾಜಿನ ಸಮೇತ ಹೊರಗ ಇಡ್ತೀನಿ. ನೀವಿಬ್ರೂ ಅದರ ಸಂಗಾಟ ಹೊರಗ!"

ಹೀಗೆ ನಮ್ಮ ಮೀನಿನ ಭವಿಷ್ಯವೆಲ್ಲ ಫಿಲ್ಟರಿನ ಮೇಲೆ ನಿಂತಿತು. ನೀರು ನಾರಬಾರದು, ಅಷ್ಟೇ. ಸೊಲ್ಲಾಪುರದ ಅಂಗಡಿಯವನು ಕಾಕಾನಿಗೆ ಮೂರು ತರಹ ತೋರಿಸಿದ್ದನಂತೆ. ತೊಟ್ಟಿಯ ಮೇಲೊಂದು ತೂತಿನ ಮಡಕೆ ಇಟ್ಟು, ಉಸುಕು ಇದ್ದಿಲು ತುಂಬಿ, ಮೇಲಿನಿಂದ ನೀರು ಸುರಿಯುವುದು ಒಂದು. ಉಸುಕಿನ ಕೆಳಗೆ ತೂತಿನ ತಟ್ಟೆ ಹಾಸುವುದು ಇನ್ನೊಂದು. ಮೂಲೆಯಲ್ಲಿ ಸಣ್ಣ ಡಬ್ಬಿ ಕೂಡಿಸುವುದು ಮೂರನೆಯದು. ನಾವು ಜೋಕಾಲಿಯ ಮೇಲೆ ಕುಳಿತು ಇಡೀ ಸಂಜೆ ಚರ್ಚೆ ಮಾಡಿದೆವು. ಮಡಕೆಗೆ ದಿನಾ ನೂರು ತಂಬಿಗೆ ನೀರು ಎತ್ತಿ ಹಾಕುವವರು ಯಾರು? ತಟ್ಟೆಯದು ಚೆಂದ, ಆದರೆ ಕಟ್ಟಿಕೊಂಡರೆ ಉಸುಕನ್ನೆಲ್ಲ ಅಗೆಯಬೇಕು. ಡಬ್ಬಿಯೇ ಸೈ ಎಂದು ಗೊತ್ತಾಯಿತು. ಅದನ್ನು ಎತ್ತಿ, ಬಿಚ್ಚಿ, ತೊಳೆದು ಮತ್ತೆ ಇಡಬಹುದು. ಕಾಕಾ ಗಾಳಿ ಊದುವ ಸಣ್ಣ ವಿದ್ಯುತ್ ಪಂಪನ್ನು ಮಾತ್ರ ಕೊಂಡು ತಂದಿದ್ದ.

"ಡಬ್ಬಿ ನಾವ ಮಾಡೂಣು. ಏನಂತೀರಿ ಇಂಜಿನೇರ್ ಸಾಹೇಬ್ರ?" ಎಂದ ನನಗೆ.

ಇಂಜಿನೇರ್ ಸಾಹೇಬ! ಆ ಹೆಸರಿಗೆ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ನನ್ನ ಅವ್ವನ ಸಾಬೂನಿನ ಪ್ಲಾಸ್ಟಿಕ್ ಡಬ್ಬಿ ಮಾಯವಾಯಿತು. ದಬ್ಬಣವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಮುಚ್ಚಳದ ತುಂಬ ತೂತು ಹಾಕಿದೆವು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಎಮ್ಮೆ ಕೂಡ ಸೀನಿತು. ನನ್ನ ಹಳೆಯ ಮಸಿ ಪೆನ್ನಿನ ಎರಡೂ ತುದಿ ಕತ್ತರಿಸಿ ಕೊಳವೆ ಮಾಡಿ ಮುಚ್ಚಳದ ನಡುವೆ ನಿಲ್ಲಿಸಿದೆವು. ಗಾಳಿ ಕೊಳವೆಯೊಳಗೆ ಗುಳ್ಳೆಯಾಗಿ ಏರುತ್ತದೆ, ಏರುವಾಗ ಡಬ್ಬಿಯೊಳಗಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಹೊಸ ನೀರು ತೂತುಗಳಿಂದ ಒಳಗೆ ಬಂದು ಹತ್ತಿ, ಇದ್ದಿಲುಗಳ ನಡುವೆ ಹಾಯುತ್ತದೆ. ಇದ್ದಿಲನ್ನು ಓಣಿಯ ಪತ್ತಾರನ ಕುಲುಮೆಯಿಂದ ಬೇಡಿ ತಂದೆ, ಹತ್ತಿಯನ್ನು ನನ್ನ ದಿಂಬಿನಿಂದಲೇ ಕಿತ್ತೆ. ತೊಟ್ಟಿಯ ತಳಕ್ಕೆ ಹಾಸಲು ಉಸುಕು ಬಬಲೇಶ್ವರದ ಕಡೆಯಿಂದ, ಡೋಣಿ ಹೊಳೆಯದು. ಡೋಣಿಯ ನೀರು ಉಪ್ಪು, ಉಸುಕೂ ಉಪ್ಪು. ತೊಳೆದು ತೊಳೆದು ಆ ನೀರನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದೆವು. ಒಂಬತ್ತನೆಯ ಸಲಕ್ಕೆ ಉಪ್ಪು ಹೋಯಿತು. ಅಷ್ಟರಲ್ಲಿ ನನ್ನ ಹಲ್ಲೆಲ್ಲ ಕಿರಕಿರ.

ಪಂಪು ಹಚ್ಚಿದ ಕ್ಷಣವನ್ನು ಹೇಗೆ ಹೇಳಲಿ! ಗುಂಯ್ ಎಂದಿತು, ಪೆನ್ನಿನ ಬಾಯಿಯಿಂದ ಮುತ್ತಿನ ಸರದಂತೆ ಗುಳ್ಳೆಗಳು ಬಂದವು. ನಾನು ಅಂಗಳದ ತುಂಬ ಕುಣಿದೆ. ಓಣಿಯ ಹುಡುಗರು ಗೋಲಿ ಆಟ ಬಿಟ್ಟು ಕಿಡಕಿಗೆ ಜೋತುಬಿದ್ದರು. ಕರೆಂಟು ಹೋದಾಗಿನ ಉಪಾಯವೂ ಇತ್ತು. ಲಾರಿಯ ಹಳೆಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬಾಯಿಗೆ ಚಿಮಟ ಹಾಕಿ, ಸ್ವಲ್ಪ ಸ್ವಲ್ಪವೇ ಬಿಡುವುದು. ಕರೆಂಟು ಹೋದರೆ ಊರೆಲ್ಲ ಬೈಯುತ್ತಿತ್ತು, ನಾನು ಮಾತ್ರ ಖುಷಿಯಿಂದ ಟ್ಯೂಬಿನ ಕಡೆ ಓಡುತ್ತಿದ್ದೆ.

ಮೊದಲ ಎರಡು ವಾರ ಪ್ರಾಣ ಬಾಯಿಗೆ ಬಂದಿತ್ತು. ನೀರು ಹಾಲು ಬೆರೆಸಿದಂತೆ ಬೆಳ್ಳಗಾಯಿತು. ಆಯಿ ದಿನಾ ಬೆಳಿಗ್ಗೆ ಬಂದು ತೊಟ್ಟಿಯ ಮೇಲೆ ಬಗ್ಗಿ ಮೂಸುತ್ತಿದ್ದಳು. ನಾನು ಅವಳ ಮುಖ ನೋಡುತ್ತ ನಿಲ್ಲುತ್ತಿದ್ದೆ. "ಇನ್ನೂ ಬಂದಿಲ್ಲ" ಎಂದು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ನೀರೇ ಇಲ್ಲವೇನೋ ಎನ್ನುವಷ್ಟು ತಿಳಿ! ಐದು ಮೀನು ಗಾಳಿಯಲ್ಲಿ ತೇಲಿದಂತೆ ಕಂಡವು.

ಅವತ್ತು ಕಾಕಾ ಫಿಲ್ಟರಿನ ಕಾನೂನು ಹೇಳಿದ. ಹತ್ತಿಯನ್ನು ವಾರಕ್ಕೊಮ್ಮೆ ಹಿಂಡಬೇಕು, ಅದೂ ತೊಟ್ಟಿಯದೇ ನೀರಿನಲ್ಲಿ. ಇದ್ದಿಲು ಬದಲಿಸಿದ ದಿನ ಹತ್ತಿ ಮುಟ್ಟಬಾರದು. ಎಲ್ಲವನ್ನೂ ಒಂದೇ ದಿನ ತೊಳೆಯಲೇಬಾರದು.

"ಯಾಕ ಕಾಕಾ? ಹೊಲಸ ಹೋದ್ರ ಚಲೋ ಅಲ್ಲ?"

"ಆ ಜಿಗುಟಿನಾಗ ಕಣ್ಣಿಗೆ ಕಾಣದ ಜೀವ ಇರ್ತಾವಂತ ಲೇ. ಮೀನಿನ ಹೊಲಸ ತಿಂದು ನೀರ ಸ್ವಚ್ಛ ಮಾಡೋರು ಅವ್ರ. ಸೊಲ್ಲಾಪುರದಾಂವ ಹೇಳ್ಯಾನ."

ನನಗೆ ತಿಳಿಯಲಿಲ್ಲ. ಆಯಿಗೆ ಥಟ್ಟನೆ ತಿಳಿಯಿತು.

"ಅಂದ್ರ ಹೆಪ್ಪ ಇದ್ದಂಗ. ಗಡಿಗಿ ಪೂರ್ತಿ ತೊಳದ್ರ ನಾಳಿಗೆ ಮಸರ ಎಲ್ಲಿಂದ ಬರಬೇಕು?"

ಕಾಕಾ ಬಾಯಿ ಬಿಟ್ಟು ಅವಳನ್ನು ನೋಡಿದ. ಅಂದಿನಿಂದ ಮಂಗಳವಾರದ ಹತ್ತಿ ಹಿಂಡುವ ಕೆಲಸ ಆಯಿಯದಾಯಿತು. ಮುಂಜಾನೆ ವಿಭೂತಿ ಹಚ್ಚಿಕೊಂಡು ತೊಟ್ಟಿಯ ಮುಂದೆ ಕೂತು, "ಎದ್ದೀರೇನ್ರವಾ? ನಿದ್ದಿ ಆತಿಲ್ರಿ?" ಎಂದು ಮೀನುಗಳಿಗೆ ಬಹುವಚನ ಹಚ್ಚಿ ಮಾತಾಡಿಸಿ, ರೊಟ್ಟಿಯ ಪುಡಿ ಉದುರಿಸುತ್ತಿದ್ದಳು. ನಾನು ಬಂದರೆ ಎದ್ದು, "ನಾತ ಬಂದೈತೇನ ನೋಡಾಕತ್ತಿದ್ದೆ" ಎನ್ನುತ್ತಿದ್ದಳು.

ಆಮೇಲೆ ಮಹಾನವಮಿ ಬಂತು. ನಮ್ಮ ಕಡೆ ನವರಾತ್ರಿಯ ಮೊದಲ ದಿನ ದೇವರ ಮುಂದೆ ಘಟ ಕೂಡಿಸುವ ಮೊದಲು ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತುವಿಲ್ಲ. ಕೌದಿ, ಚಾದರ, ಹಂಡೆ, ಹಿತ್ತಾಳೆ, ಒರಳು, ಕಿಡಕಿ, ಎಲ್ಲ. ಬಾವಿಯ ಕಟ್ಟೆಯ ಮೇಲೆ ಆಯಿ ಹುಣಸೆಹಣ್ಣು, ಬೂದಿ ಹಿಡಿದು ಪಾತ್ರೆಗಳ ಗುಡ್ಡದ ನಡುವೆ ಕೂತಿದ್ದಳು. ಅವ್ವ ಸೋಡಾ ಹಾಕಿ ಬಟ್ಟೆ ನೆನೆಸಿದ್ದಳು. ಮನೆಯೆಲ್ಲ ಥಳಥಳ ಹೊಳೆಯುತ್ತಿರುವಾಗ ಮೂಲೆಯಲ್ಲಿ ನನ್ನ ಫಿಲ್ಟರು ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಪಾಚಿ ಹಿಡಿದು ಕೂತಿತ್ತು. ದಸರೆಯ ದಿನ ಬನ್ನಿ ಕೊಡಲು ಊರಿಗೆ ಊರೇ ಬರುತ್ತದೆ. ನಮ್ಮ ಮಾಸ್ತರರೂ ಬರುತ್ತಾರೆ. ಇಂಜಿನೇರ್ ಸಾಹೇಬನ ಯಂತ್ರ ಹೀಗಿದ್ದರೆ?

ಎಲ್ಲವನ್ನೂ ಹೊರಗೆ ತೆಗೆದೆ. ಡಬ್ಬಿಯನ್ನು ಸೋಡಾ ಹಾಕಿ ತಿಕ್ಕಿದೆ. ಹೊಸ ಹತ್ತಿ, ಹೊಸ ಇದ್ದಿಲು. ಉಸುಕನ್ನೂ ಸೋಡಾ ನೀರಿನಲ್ಲಿ ಜಾಲಾಡಿದೆ. ಹಳೆಯ ನೀರು ಚೆಲ್ಲಿ ಬಾವಿಯಿಂದ ತುಂಬಿದೆ. ಕಾಕಾನ ಕಾನೂನು ನೆನಪಿಗೆ ಬಂದಿತ್ತು, ಬಂದಿರಲಿಲ್ಲ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಆದರೆ ಕೈ ನಿಲ್ಲಲಿಲ್ಲ. ಮುಗಿದಾಗ ಡಬ್ಬಿ ಹಾಲುಗಲ್ಲಿನಂತೆ ಮಿಂಚುತ್ತಿತ್ತು. ಅಷ್ಟು ಚೆಂದ ನಮ್ಮ ತೊಟ್ಟಿ ಎಂದೂ ಇರಲಿಲ್ಲ.

ಮರುದಿನ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿದವು. ಮೂರನೆಯ ದಿನ ಬೆಳಿಗ್ಗೆ ಐದೂ ಅಡ್ಡ ಮಲಗಿದ್ದವು. ಒಳಗೆ ಘಟ ಕೂತಿತ್ತು, ಪಡಸಾಲೆಯಲ್ಲಿ ನಾತ.

ಕಾಕಾ ಡಬ್ಬಿ ಎತ್ತಿ ನೋಡಿದ. ಬೆರಳಿನಿಂದ ಉಜ್ಜಿ ನೋಡಿದ.

"ಸೋಡಾ. ಇದನ್ನ ಯಾರ ತೊಳದ್ರು?"

ಕಾಕಾ ಎಂದೂ ನನ್ನನ್ನು ಹೊಡೆದವನಲ್ಲ. ನನಗೆ ಏಟಿನ ಹೆದರಿಕೆ ಇರಲಿಲ್ಲ. ಆ ಹೆಸರು ಹೋಗುತ್ತದಲ್ಲ ಎಂಬ ಹೆದರಿಕೆ.

"ಆಯಿ ತೊಳದ್ಳು" ಎಂದೆ.

ಅವಳು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನ ಮೇಲೆ ಹಾಯುತ್ತಾಳೆ, "ಸುಳ್ಳ ಹೇಳ್ತಿಯೇನಲೇ ಭಾಡ್ಯಾ" ಎಂದು ಕಿವಿ ಹಿಂಡುತ್ತಾಳೆ ಎಂದುಕೊಂಡೆ. ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ತನ್ನ ಎರಡೂ ಕೈಯನ್ನು ಎತ್ತಿ ನೋಡಿಕೊಂಡಳು.

"ನಾ ತೊಳದ್ನ್ಯಾ ತಮ್ಮಾ?"

ನಾನು ಹೌದೆಂದು ತಲೆ ಆಡಿಸಿದೆ.

"ತೊಳದಿರಬೇಕಪ್ಪಾ ಕಲ್ಲಪ್ಪಾ. ಅವತ್ತ ಅಷ್ಟ ಸಾಮಾನ ತೊಳದೆ... ನೆನಪ ಆಗವಲ್ದು. ಹುಡುಗ ಯಾಕ ಸುಳ್ಳ ಹೇಳ್ಯಾನು?"

"ಇರಲಿ ಬಿಡ ಯವ್ವಾ" ಎಂದು ಕಾಕಾ ಮೀನುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದ.

ದಸರೆಯ ದಿನ ಬನ್ನಿ ಹಿಡಿದು ಬಂದವರೆಲ್ಲ ಖಾಲಿ ಗಾಜು ನೋಡಿ ಕೇಳಿದರು. ಉತ್ತರ ಕೊಟ್ಟವಳು ಆಯಿಯೇ. "ನನ್ನ ಕೈಲೆ ಐದ ಜೀವ ಹೋದೂರಿ. ಸೋಡಾ ಹಾಕಿ ತೊಳದೇನಂತ, ನನಗ ಖಬರ ಇಲ್ಲ." ನಾನು ಪಕ್ಕದಲ್ಲೇ ಕೂತು ಕರಿಗಡಬು ತಿನ್ನುತ್ತಿದ್ದೆ.

ಅಲ್ಲಿಂದ ಅವಳಿಗೆ ತನ್ನ ಮೇಲಿನ ನಂಬಿಕೆಯೇ ಹೋಯಿತು. ಸಾರಿಗೆ ಉಪ್ಪು ಹಾಕಿ ಒಂದು ಗಳಿಗೆ ನಿಲ್ಲುವಳು. ಬಾಗಿಲಿನ ಚಿಲಕ ಹಾಕಿ ಮತ್ತೆ ಹೋಗಿ ಮುಟ್ಟುವಳು. ಇಡೀ ಮನೆಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಹೆಂಗಸು ಕೀಲಿಗೊಂಚಲನ್ನು ಅವ್ವನ ಕೈಗೆ ಕೊಟ್ಟಳು. ಮತ್ತು ಪ್ರತಿಯೊಂದಕ್ಕೂ ನನ್ನನ್ನೇ ಕರೆಯುವಳು. "ತಮ್ಮಾ, ದೀಪ ಹಚ್ಚೀನೇನ ನೋಡು. ಎಮ್ಮಿಗೆ ನೀರ ತೋರ್ಸೀನ್ಯಾ? ನೀ ಹೇಳಪಾ, ನಿನಗ ಎಲ್ಲಾ ನೆನಪ ಇರತೈತಿ." ಅವಳ ನೆನಪಿಗೆ ನಾನು ಸಾಕ್ಷಿಯಾದೆ. ನಾಲ್ಕು ವರ್ಷ ಹೀಗೆ ಕರೆದಳು, ನಾನು ನಾಲ್ಕು ವರ್ಷ ಓಡಿ ಹೋಗಿ ಹೇಳಿದೆ. ಹೇಳಬೇಕಾದ ಒಂದನ್ನು ಬಿಟ್ಟು. ನಾನು ಮ್ಯಾಟ್ರಿಕ್ ಓದುತ್ತಿದ್ದ ವರ್ಷ ಅವಳು ತೀರಿಕೊಂಡಳು.

ಈಗ ವಿಜಯಪುರದ ಅಂಗಡಿಗಳಲ್ಲಿ ತರತರದ ಫಿಲ್ಟರ್ ಸಿಗುತ್ತವೆ, ಸದ್ದೇ ಮಾಡದವು. ಬೇಕಾದರೆ ಆ ಬಂಗಾರದ ಮೀನುಗಳನ್ನೂ ನಾಳೆಯೇ ತರಬಹುದು. ನನ್ನ ಸೊಸೆ ಒಳ್ಳೆಯವಳು. "ಮಾವಾರ, ಗುಳಿಗಿ ಆಗಲೇ ತಗೊಂಡೀರಿ, ಮರತೀರಿ" ಎನ್ನುತ್ತಾಳೆ. ನಿಜವೇ ಇರಬೇಕೆಂದು ನಾನು ತಲೆ ಆಡಿಸುತ್ತೇನೆ. ಆ ಕ್ಷಣದಲ್ಲಿ ಕಾಲ ಕೆಳಗಿನ ನೆಲ ಹೇಗೆ ಸರಿಯುತ್ತದೆ ಎಂಬುದು ಈಗ ನನಗೆ ಗೊತ್ತು. ನನಗೆ ನನ್ನ ಮೇಲಿದ್ದ ನಂಬಿಕೆಯನ್ನು ವಯಸ್ಸು ಕಸಿದುಕೊಂಡಿತು. ಆಯಿಯದನ್ನು ಹನ್ನೊಂದು ವರ್ಷದ ಹುಡುಗ ಒಂದು ಮಾತಿನಲ್ಲಿ ಕಸಿದುಕೊಂಡ.

ಆಯಿ ಎಂದರೆ ಯಾರ ಆಯಿಯಾದರೂ ಆದಾಳು. ತಪ್ಪು ಒಪ್ಪಿಕೊಳ್ಳುವವನು ಆ ಪದದ ಮರೆಯಲ್ಲಿ ನಿಲ್ಲಬಾರದು. ಯಾವ ಸಾಮಾನನ್ನು ಯಾವಾಗ ತೊಳೆದೆ ಎಂಬುದು ಆ ದಿನದವರೆಗೂ ಸರಿಯಾಗಿ ನೆನಪಿದ್ದ ಆ ಹೆಂಗಸಿನ ಹೆಸರು ಗುರಬಸವ್ವ.