ಕಾಲುಸಂಕದ ಆಚೆ ನಿಂತದ್ದು

ನರಿಮೊಗರಿನ ನಮ್ಮ ತೋಡಿನ ನೀರು ದಾಟಲು ಹಾಕಿದ ಮರದ ಕಾಲುಸಂಕದ ಆಚೆ ತುದಿಯಲ್ಲಿ ನಾನೇ ನಿಂತಿದ್ದೆ! ತಲೆಗೆ ಕವುಚಿಕೊಂಡ ಗೊಬ್ಬರದ ಚೀಲ, ಕೈಯಲ್ಲಿ ಹಾಲಿನ ಕ್ಯಾನು, ಎಲ್ಲವೂ ನನ್ನ ಹಾಗೆಯೇ. ಜಡಿಮಳೆಯಲ್ಲಿ ಮುಖ ಮಾತ್ರ ಕಾಣಲಿಲ್ಲ. ಡಿಪೋಗೆ ಹಾಲು ಕೊಡಲು ಹೊರಟಿದ್ದ ನಾನು ಸಂಕಕ್ಕೆ ಕಾಲಿಡದೆ ನಿಂತೆ, ಅದೂ ನಿಂತಿತು. ಕೈ ಎತ್ತಿದೆ, ಅದೂ ಎತ್ತಿತು. ಹೆದರಿ ಒಂದು ಹೆಜ್ಜೆ ಹಿಂದೆ ಸರಿದೆ.

ಅಷ್ಟರಲ್ಲಿ ಕೆಂಪು ನೀರು ನಮ್ಮ ಕಣ್ಣೆದುರೇ ಸಂಕವನ್ನು ಕಡ್ಡಿಯಂತೆ ಎತ್ತಿಕೊಂಡು ಹೋಯಿತು.

"ನೀವು ಮನುಷ್ಯರೇ ಅಲ್ವಾ ಮಾರಾಯ್ರೆ?" ಆಚೆಯಿಂದ ನಡುಗುವ ದನಿ. ಹಾಲು ಕೊಟ್ಟು ಮರಳುತ್ತಿದ್ದ ಪಕ್ಕದ ಮನೆಯ ಲಲಿತಕ್ಕ!

"ಸದ್ಯಕ್ಕೆ ಹೌದು ಅಕ್ಕಾ!" ಎಂದೆ.

ಆ ಚೀಲವನ್ನು ಮಡಚಿ ದೇವರ ಪಟದ ಕೆಳಗೆ ಇಟ್ಟಿದ್ದೇನೆ, ಮನೆಯವರಿಗೆ ನಗು. ಚೀಲದ ಮುಸುಕು ನೋಡಿ ಇಬ್ಬರೂ ಹೆದರದೆ ಇದ್ದಿದ್ದರೆ ಆಗ ನಮ್ಮಲ್ಲೊಬ್ಬರು ಸಂಕದ ಮೇಲಿರುತ್ತಿದ್ದರು. ಆ ಒಬ್ಬರು ಯಾರೆಂದು ಲಲಿತಕ್ಕನೂ ಕೇಳಿಲ್ಲ, ನಾನೂ ಕೇಳಿಲ್ಲ.