ನೀರಿನ ಕೋಣೆಯ ಹಲಗಿ ಮತ್ತು ಎಂಟು ಚೌಕದ ಪ್ಯಾಡ್

2016ರ ಬೇಸಿಗೆಯಲ್ಲಿ ನಾನು ಭಾಲ್ಕಿಯ ಒಂದು ಬ್ಯಾಂಡ್ ಪಾರ್ಟಿಯ ಯಜಮಾನಿಯಾಗಿದ್ದೆ. ಹೆಂಗಸು ಬ್ಯಾಂಡ್ ನಡೆಸುತ್ತಾಳೆಯೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಗಂಡ ತೀರಿಕೊಂಡಾಗ ಹನ್ನೊಂದು ಜನ ವಾದ್ಯಗಾರರು ನಮ್ಮ ಅಂಗಳದಲ್ಲಿ ಕುಳಿತು, ಮುಂದೇನು ಎಂದು ನನ್ನ ಮುಖ ನೋಡಿದ್ದರು. ನಾನು ಓದಿದ್ದು ಮೂರನೆಯ ಇಯತ್ತೆ. ಮದುವೆಯ ತಾರೀಖು ಬರೆದುಕೊಳ್ಳಲು, ಕುಡಿದು ಬಂದವನನ್ನು ವಾಪಸ್ ಕಳಿಸಲು ಅಷ್ಟು ಓದು ಸಾಕು. ನಾನು ಹಲಗಿ ಬಾರಿಸಿದವಳಲ್ಲ, ಮೂವತ್ತು ವರ್ಷ ಕೇಳಿದವಳು.

ಹಲಗಿ ಎಂದರೆ ಬಳೆಯಂಥ ಚೌಕಟ್ಟಿಗೆ ತೊಗಲು ಬಿಗಿದ ವಾದ್ಯ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳ್ಳನೆಯ ಕಡ್ಡಿ. ದಪ್ಪ ಕೋಲು ಮಾತಾಡುತ್ತದೆ, ತೆಳ್ಳನೆಯ ಕಡ್ಡಿ ಹೂಂಗುಟ್ಟುತ್ತದೆ. ತೊಗಲು ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸಬೇಕು. ಆಗ ಬಿಗಿದುಕೊಂಡು ಸದ್ದು ಮೇಲೇಳುತ್ತದೆ.

ನಮ್ಮಲ್ಲಿ ಐದು ಹಲಗಿ, ಕಡ್ಡಿಗಳಿಂದ ಚಟಪಟ ಬಾರಿಸುವ ಬೋಗುಣಿಯಂಥ ತಾಶಾ ಎರಡು, ಒಂದು ಢೋಲು, ಎರಡು ಟ್ರಂಪೆಟ್, ಒಂದು ಜೋಡಿ ಜಾಂಜ್ ಎಂಬ ದೊಡ್ಡ ತಾಳ ಇದ್ದವು. ಎರಡು ವರ್ಷ ಮಳೆ ಕೈಕೊಟ್ಟ ಮೇಲೆ ವಾದ್ಯಗಾರರು ಒಬ್ಬೊಬ್ಬರಾಗಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಹೋಗುವಾಗ ತಮ್ಮ ವಾದ್ಯವನ್ನು ನಮ್ಮ ಮನೆಯ ಗೋಡೆಗೆ ತೂಗುಹಾಕಿ, ‘ಕಾಶಮ್ಮ, ನೋಡ್ಕೋರಿ’ ಎಂದು ಹೇಳಿ ಹೋದರು. ಏಪ್ರಿಲ್ ಹೊತ್ತಿಗೆ ಏಳು ಜನ ಹೋಗಿದ್ದರು. ಗೋಡೆಯ ಮೇಲೆ ನಾಲ್ಕು ಹಲಗಿ, ಎರಡು ತಾಶಾ, ಒಂದು ಢೋಲು. ಉಳಿದದ್ದು ನಾಲ್ಕು ಜನ. ಅವರಲ್ಲಿ ತೊಗಲಿನ ವಾದ್ಯ ಬಾರಿಸುವವನೆಂದರೆ ನನ್ನ ಮೈದುನ ಮಾಣಿಕ ಒಬ್ಬನೇ.

ಆ ಸಲ ಔರಾದಿನ ಒಂದು ಮನೆಯವರು ನಮಗೆ ಸುಪಾರಿ ಕೊಟ್ಟಿದ್ದರು. ಸುಪಾರಿ ಎಂದರೆ ನಮ್ಮಲ್ಲಿ ಅಡಿಕೆ ಕೈಗಿಟ್ಟು ಬ್ಯಾಂಡ್ ಗೊತ್ತು ಮಾಡುವುದು, ಸಿನಿಮಾದವರ ಸುಪಾರಿಯಲ್ಲ. ಅದೇ ಬೀಗರ ಬಳಗದಲ್ಲಿ ಇನ್ನೂ ಮೂರು ಮದುವೆಗಳಿದ್ದವು. ಔರಾದಿನದು ಕೈಬಿಟ್ಟರೆ ಆ ಮೂರೂ ಕೈಬಿಡುತ್ತಿದ್ದವು. ಮಾಣಿಕನ ಹೆಂಡತಿ ಆಗಲೇ ಹಾಸಿಗೆ ಬಟ್ಟೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು.

‘ವೈನಿ, ಔರಾದದ್ದು ಆಗಲಿಲ್ಲಂದ್ರ ಮರುದಿನ ನಾವೂ ಹೋಗ್ತೇವಿ,’ ಎಂದ ಮಾಣಿಕ. ಅವನು ಹೋದರೆ ಬ್ಯಾಂಡ್ ಮುಗಿಯಿತು. ಅತ್ತರೆ ವಾದ್ಯಗಾರರು ಹುಟ್ಟುವುದಿಲ್ಲ ಎಂದು ನಾನು ಅಳಲಿಲ್ಲ.

ದಾರಿ ತೋರಿಸಿದವಳು ನನ್ನ ಸೊಸೆ ರೇಖಾ. ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ‘ಅತ್ತಿ, ಈಗ ಸ್ಯಾಂಪ್ಲಿಂಗ್ ಪ್ಯಾಡ್ ಬಂದಾವ್ರಿ. ರಬ್ಬರಿನ ಎಂಟು ಚೌಕ ಇರ್ತಾವ. ಒಂದೊಂದಕ್ಕೂ ಒಂದೊಂದು ಸದ್ದು ತುಂಬಬೇಕು. ಕೋಲಿಲೆ ಹೊಡದ್ರ ಆ ಸದ್ದು ಸ್ಪೀಕರಿನ್ಯಾಗ ಬರ್ತದ,’ ಎಂದಳು. ಹಾಗೆ ತುಂಬುವ ಚೂರು ಸದ್ದಿಗೆ ಸ್ಯಾಂಪಲ್ ಎನ್ನುತ್ತಾರೆ. ನಾವು ಮೂವರೂ ಬಸ್ಸು ಹತ್ತಿ ಬೀದರಿಗೆ ಹೋದೆವು.

ಅಲ್ಲಿ ವಾದ್ಯದ ಅಂಗಡಿ ಮೈನೋದ್ದೀನ್ ಸಾಹೇಬರದು. ಅವರ ತಂದೆ ತಬಲಾಕ್ಕೆ ತೊಗಲು ಬಿಗಿಯುತ್ತಿದ್ದವರು. ಸಾಹೇಬರು ಎರಡು ಪ್ಯಾಡ್ ಮೇಜಿನ ಮೇಲಿಟ್ಟರು. ಒಂದು ದೊಡ್ಡದು, ಹೊಡೆದಲ್ಲೆಲ್ಲ ಬಣ್ಣದ ದೀಪ ಹತ್ತುತ್ತಿತ್ತು, ಒಳಗೆ ನೂರಾರು ಸದ್ದು ತುಂಬಿಯೇ ಬಂದಿದ್ದವು. ಇನ್ನೊಂದು ಕಪ್ಪಗೆ, ಸಪ್ಪಗೆ, ಒಳಗೆ ಇದ್ದದ್ದೂ ಕಡಿಮೆ.

ಮಾಣಿಕ ದೀಪದ ಪ್ಯಾಡಿಗೆ ಮರುಳಾದ. ‘ವೈನಿ, ಇದರಾಗ ಜಪಾನಿ ಢೋಲ ಸೈತ ಅದ ನೋಡ್ರಿ.’

‘ಔರಾದಿನಾಗ ಜಪಾನಿ ಮದಿವಿ ಅದ ಏನು?’

ಸಾಹೇಬರು ನಕ್ಕು ಮೂವರಿಗೂ ಚಹಾ ತರಿಸಿದರು. ಚಹಾ ಕುಡಿದು ನಾನು ಪ್ಯಾಡುಗಳಿಗೆ ಬೆನ್ನು ಮಾಡಿ ಕುಳಿತೆ. ದೀಪ ಕಂಡರೆ ಕಿವಿ ಕೆಲಸ ಮಾಡುವುದಿಲ್ಲ. ‘ಮಾಣಿಕ, ಮೆರವಣಿಗಿದು ಬ್ಯಾಡ. ಹೆಣ್ಣು ಒಪ್ಪಿಸೂ ಹೊತ್ತಿನಾಗ ಬಾರಸ್ತೀಯಲ್ಲ, ಅದು ಬಾರಸು. ನಿನ್ನ ಕಡ್ಡೀಲೇ,’ ಎಂದೆ.

ಆ ಹೊತ್ತಿನಲ್ಲಿ ತೆಳ್ಳನೆಯ ಕಡ್ಡಿ ತೊಗಲನ್ನು ಬರೀ ಸವರುತ್ತದೆ. ಜೋರಾದರೆ ಹುಡುಗಿಯ ತಾಯಿಯ ಅಳು ಕೇಳಿಸುವುದಿಲ್ಲ, ಬೀಗರು ಬೈಯುತ್ತಾರೆ. ದೀಪದ ಪ್ಯಾಡಿನಲ್ಲಿ ಮಾಣಿಕ ಬಾರಿಸಿದ. ಏನೂ ಕೇಳಿಸಲಿಲ್ಲ. ಇನ್ನೂ ಏನೂ ಇಲ್ಲ. ಆಮೇಲೆ ಒಮ್ಮೆಲೇ ಬಾಗಿಲು ಒದ್ದಂತೆ ಧಡ್ ಎಂದಿತು. ಸಾಹೇಬರು ಅದರ ಸೆನ್ಸಿಟಿವಿಟಿ, ಅಂದರೆ ಮೆಲ್ಲನೆಯ ಪೆಟ್ಟನ್ನು ಹಿಡಿಯುವ ಶಕ್ತಿ, ಏರಿಸಿ ಕೊಟ್ಟರು. ಆಗ ಒಂದು ಚೌಕ ಮುಟ್ಟಿದರೆ ಪಕ್ಕದ್ದೂ ಕೂಗಿತು. ಅದಕ್ಕೆ ಕ್ರಾಸ್‌ಟಾಕ್ ಎನ್ನುತ್ತಾರಂತೆ. ನಮ್ಮ ಓಣಿಯ ಹೆಂಗಸರ ಹಾಗೆ, ಒಬ್ಬಳನ್ನು ಮಾತಾಡಿಸಿದರೆ ಇಬ್ಬರು ಉತ್ತರ ಕೊಡುತ್ತಾರೆ.

ಕಪ್ಪು ಪ್ಯಾಡಿಗೆ ಕಡ್ಡಿ ಸವರಿದ್ದೂ ಕೇಳಿಸಿತು. ಸವರಿದಷ್ಟೇ ಸದ್ದು ಕೊಟ್ಟಿತು. ಸಾಹೇಬರು ಇನ್ನೊಂದು ಮಾತು ಹೇಳಿದರು. ಅದರಲ್ಲಿ ಮೋನೊ, ಪಾಲಿ ಎಂಬ ಎರಡು ಬಗೆ ಇದ್ದವು. ಮೋನೊ ಇಟ್ಟರೆ ಎರಡನೆಯ ಪೆಟ್ಟು ಮೊದಲನೆಯದರ ಬಾಲ ಕತ್ತರಿಸುತ್ತದೆ, ಪಾಲಿ ಇಟ್ಟರೆ ಎರಡೂ ಕೂಡಿ ಮೊಳಗುತ್ತವೆ. ‘ತಾಶಾಕ್ಕ ಪಾಲಿನೇ ಇಡ್ರಿ, ಇಲ್ಲಂದ್ರ ಹೊಲಿಗಿ ಮಷೀನ್ ಆಗ್ತದ,’ ಎಂದರು.

‘ಇದರಾಗ ಹಲಗಿ ಸದ್ದು ಇಲ್ಲಲ್ರಿ,’ ಎಂದ ಮಾಣಿಕ.

‘ಹಲಗಿ ನಿಮ್ಮ ಮನ್ಯಾಗ ಅದ ಅಲ್ಲ? ತುಂಬ್ಕೋರಿ. ಮೂರು ದಿನ ಇಟ್ಕೊಂಡು ನೋಡ್ರಿ, ಬ್ಯಾಡಾದ್ರ ತಂದು ಕೊಡ್ರಿ,’ ಎಂದರು ಸಾಹೇಬರು. ಗುರುತು ಪರಿಚಯ ಕೇಳಲಿಲ್ಲ, ಚೀಟಿ ಬರೆಸಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ಟ್ಯಾಂಕರ್ ಬಂದು ಹೋಗಿ ಓಣಿ ತಣ್ಣಗಾದ ಮೇಲೆ ಗೋಡೆಯಿಂದ ವಾದ್ಯ ಇಳಿಸಿದೆವು. ಮಾಣಿಕ ಒಂದೊಂದನ್ನೇ ಬಾರಿಸಿದ, ರೇಖಾ ರೆಕಾರ್ಡ್ ಮಾಡಿಕೊಂಡಳು. ನಾಲ್ಕು ಹಲಗಿಯ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಳು. ಸರಿಯಾಗಿ ಒಂದೇ ಗಳಿಗೆಗೆ ಕೂಡಿಸಬೇಡ ಎಂದು ನಾನು ಹೇಳಿದೆ. ನಾಲ್ಕು ಜನ ಒಟ್ಟಿಗೆ ಹೊಡೆದರೂ ಕೂದಲೆಳೆ ಹಿಂದೆ ಮುಂದೆ ಬೀಳುತ್ತದೆ. ಗುಂಪಿನ ಸದ್ದು ಅದೇ.

ಕೆಲಸ ಶುರುವಾಗುವ ಮೊದಲು ಮಾಣಿಕ ಒಂದು ಮಾತು ಕೇಳಿದ್ದ. ‘ವೈನಿ, ತುಸು ಬೆಂಕಿ ಮಾಡಲೇನು?’

‘ಮನಿ ಅಂಗಳದಾಗ ಹಲಗಿ ಕಾಯಸ್ಬ್ಯಾಡ,’ ಎಂದು ನಾನು ಬಾಯಿ ಮುಚ್ಚಿಸಿದ್ದೆ. ಅದು ನಮ್ಮ ಅತ್ತೆಯ ಕಟ್ಟಳೆ. ಹಲಗಿ ಕಾಯಿಸುವುದು ಕರೆದವರ ಬಾಗಿಲಲ್ಲಿ. ಸ್ವಂತ ಅಂಗಳದಲ್ಲಿ ಕಾಯಿಸಿದರೆ ಆ ಮನೆಯಲ್ಲಿ ಹೆಣ ಏಳುತ್ತದೆ ಎನ್ನುತ್ತಿದ್ದರು. ಸಾವಿಗೆ ಬಾರಿಸುವುದನ್ನು ನನ್ನ ಗಂಡ ಎಂದೋ ಬಿಟ್ಟಿದ್ದ, ಗೋಡೆಯ ಮೇಲೆ ಬುದ್ಧನ ಪಟ ಬಂದಿತ್ತು. ಅತ್ತೆಯ ಕಟ್ಟಳೆ ಮಾತ್ರ ನನ್ನ ತಲೆಯಲ್ಲಿ ಕುಳಿತೇ ಇತ್ತು. ಮೇಲಾಗಿ ಅಂಥ ಬಿಸಿಲು. ಊರೆಲ್ಲ ಒಣಗಿ ನಿಂತಾಗ ತೊಗಲು ಮೆತ್ತಗಿದೆ ಎಂದು ಯಾರು ನೆನೆಯುತ್ತಾರೆ?

ಸಂಜೆ ಸ್ಪೀಕರಿಗೆ ಜೋಡಿಸಿ ಹೊಡೆದರೆ ತೊಯ್ದ ಗೋಣಿಚೀಲ ಬಡಿದ ಸದ್ದು. ಪಿಚ್ ಎಂಬ ಗುಂಡಿಯಿಂದ ಸ್ವರ ಏರಿಸಿದೆವು. ತಗಡಿನ ಸದ್ದಾಯಿತು. ಮಾಣಿಕ ಕೋಲು ಕೆಳಗಿಟ್ಟು ಎದ್ದುಹೋದ. ಬಾಗಿಲ ಹಿಂದಿನ ಗಂಟು ಅವನ ಹೆಂಡತಿಗಿಂತ ಮೊದಲು ನನಗೆ ಕಂಡಿತು.

ಮರುದಿನ ನಾನು ಪ್ಯಾಡನ್ನು ಚೀಲದಲ್ಲಿ ಹಾಕಿಕೊಂಡು ಬೀದರಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆಯೇ, ‘ಸಾಹೇಬ್ರ, ಸುಳ್ಳು ಮಾಲು ಕೊಟ್ಟೀರಿ. ಓದದ ಮುದುಕಿ ಅಂತ ತಿಳದ್ರೇನು?’ ಎಂದೆ. ಇನ್ನೂ ಅಂದೆ, ಅದನ್ನು ಬರೆಯುವುದಿಲ್ಲ.

ಸಾಹೇಬರು ಪ್ಯಾಡ್ ಜೋಡಿಸಿ, ಒಂದೊಂದು ಚೌಕ ಮುಟ್ಟಿ, ತಲೆ ಬಗ್ಗಿಸಿ ಕೇಳಿದರು. ಗಿರಾಕಿಗಳು ಹೋಗುವ ತನಕ ಕಾದರು. ಆಮೇಲೆ ಸಣ್ಣ ದನಿಯಲ್ಲಿ, ‘ಅಮ್ಮಾ, ಈ ಹಲಗಿ ಮನ್ಯಾಗ ಎಲ್ಲಿ ತೂಗಹಾಕೀರಿ?’ ಎಂದರು.

‘ನೀರಿನ ಕೋಣ್ಯಾಗ,’ ಎಂದೆ. ಬಾಯಿಂದ ಮಾತು ಬಿದ್ದಾಗಲೇ ನನಗೆ ತಿಳಿಯಿತು.

ಆ ವರ್ಷ ಟ್ಯಾಂಕರಿನ ನೀರು ಬಂದ ದಿನ ಸಿಕ್ಕಿದ್ದನ್ನೆಲ್ಲ ತುಂಬಿಡುತ್ತಿದ್ದೆವು. ಕೊಡ, ಹಂಡೆ, ಪ್ಲಾಸ್ಟಿಕ್ ಡ್ರಮ್ಮು, ಎಲ್ಲ ಆ ಕೋಣೆಯಲ್ಲಿ, ಎಲ್ಲದಕ್ಕೂ ಒದ್ದೆ ಬಟ್ಟೆ ಸುತ್ತಿ. ಅವುಗಳ ಮೇಲಿನ ಗೋಡೆಯಲ್ಲಿ ತೊಗಲಿನ ವಾದ್ಯ. ಬರಗಾಲದಲ್ಲಿ ಇಡೀ ಜಿಲ್ಲೆಯಲ್ಲಿ ತಂಪು ಹೀರಿಕೊಂಡು ಸುಖವಾಗಿದ್ದದ್ದು ನಮ್ಮ ಏಳು ವಾದ್ಯಗಳೇ ಇರಬೇಕು. ಪ್ಯಾಡ್ ತಾನು ಕೇಳಿದ್ದನ್ನೇ ಹೇಳಿತ್ತು.

‘ತಪ್ಪು ನಂದು. ಗಿರಾಕಿ ಮುಂದ ಅಂದೇನಿ. ಅವ್ರನ್ನ ಕರೀರಿ, ಅವ್ರ ಮುಂದನೇ ಹೇಳ್ತೇನಿ,’ ಎಂದೆ.

‘ಬಿಡ್ರಿ ಅಮ್ಮಾ. ಹೋಗಿ ಕಾಯಿಸ್ರಿ. ಇನ್ನೂ ಒಂದು ದಿನ ಅದ,’ ಎಂದರು.

ಮನೆಗೆ ಬಂದು ಮಾಣಿಕನನ್ನು ಕರೆದು ಕೇಳಿದೆ. ‘ತೊಗಲು ಮೆತ್ತಗದ ಅಂತ ಕೈಗೆ ಗೊತ್ತಾಗಲಿಲ್ಲೇನು?’

‘ಗೊತ್ತಿತ್ತು ವೈನಿ.’

‘ಮತ್ತ ಬಾಯಿ?’

‘ಬೆಂಕಿ ಬ್ಯಾಡ ಅಂದ್ರಿ. ಮಷೀನಿನ್ಯಾಗ ಏರಸೂ ಗುಂಡಿ ಅದ, ಅದು ಏರಸ್ತದ ಅಂತ ಸುಮ್ಮನಾದೆ.’

ನನ್ನ ಮಾತಿಗೆ ಎದುರಾಡದ ಮೈದುನ ಸಿಕ್ಕಿದ್ದು ಪುಣ್ಯ ಎಂದು ಅಷ್ಟು ವರ್ಷ ಅಂದುಕೊಂಡಿದ್ದೆ. ಅವತ್ತು ಹಾಗನ್ನಿಸಲಿಲ್ಲ.

ವಾದ್ಯಗಳನ್ನು ಅವತ್ತು ಸಂಜೆಯ ತನಕ ಹೊರಗೆ ನೆರಳಿನಲ್ಲಿ ಇಟ್ಟೆವು. ಮರುದಿನ ಮುಂಜಾನೆ ನಾನೇ ಅಂಗಳದಲ್ಲಿ ಬೆಂಕಿ ಹಾಕಿದೆ. ಜೋಳದ ಕಣಕಿ ಸುಡುವಂತಿರಲಿಲ್ಲ, ದನಕ್ಕೇ ಸಾಲದು. ನಾವು ಬಾರಿಸಿದ ಮದುವೆಗಳ ಲಗ್ನಪತ್ರಿಕೆಗಳನ್ನು ಗಂಡ ಒಂದು ಟ್ರಂಕಿನಲ್ಲಿ ಕೂಡಿಟ್ಟಿದ್ದ. ಅವನ್ನು ತೆಗೆದು ಹಚ್ಚಿದೆ. ಚಲೋ ಉರಿದವು. ಬೇರೆಯವರ ಹಲಗಿ ಕಾಯಿಸುವ ಮೊದಲು ಅವರನ್ನು ಕೇಳಬೇಕು, ಅದು ಮರ್ಯಾದೆ. ಹೈದರಾಬಾದಿಗೆ ಫೋನು ಹಚ್ಚಿದೆವು. ಕಟ್ಟಡದ ಗದ್ದಲದ ನಡುವೆ ಹಲಗಿ ಬಾರಿಸುವ ತುಕಾರಾಮ ಕೂಗಿ ಹೇಳಿದ: ‘ನಂದು ಎಡಕ್ಕ ತುಸು ಹೆಚ್ಚು ಕಾಯಸ್ರಿ. ಅಲ್ಲಿ ತೊಗಲು ದಪ್ಪ ಅದ. ನಡುವ ಜಾಸ್ತಿ ಹಿಡದ್ರ ಹರೀತದ.’ ಏಳು ಜನರೂ ಹೀಗೆ ಒಂದೊಂದು ಗುಟ್ಟು ಹೇಳಿದರು. ಕೆಲಸ ಬಿಟ್ಟು ಬಂದು ಫೋನಿನಲ್ಲಿ ಮಾತಾಡಿದ್ದಕ್ಕೆ ಮೇಸ್ತ್ರಿಯಿಂದ ಬೈಸಿಕೊಂಡವರೂ ಇದ್ದರು. ಅವರ ಉಪಕಾರ ನಾನು ಮರೆತಿಲ್ಲ. ನಾನು ಕಾಯಿಸಿ ಕೊಟ್ಟೆ, ಮಾಣಿಕ ಬಾರಿಸಿದ. ಢೋಲಿನ ಪೆಟ್ಟಿನ ಹಿಂದೆ ಯಾರದೋ ಕೊಡ ಕಲ್ಲಿಗೆ ತಾಗಿದ ಸದ್ದು ಸೇರಿಕೊಂಡಿತು. ಬೇರೆ ಮಾಡಲು ಹೊತ್ತಿರಲಿಲ್ಲ, ಇವತ್ತಿಗೂ ಹಾಗೇ ಇದೆ. ಮನೆಯಲ್ಲಿ ಹೆಣವೇನೂ ಏಳಲಿಲ್ಲ.

ಔರಾದಿನಲ್ಲಿ ಹುಡುಗಿಯ ಸೋದರಮಾವ ಬಾಗಿಲಲ್ಲೇ ನಿಂತಿದ್ದರು. ನಮ್ಮ ತಲೆ ಎಣಿಸಿದರು.

‘ಹನ್ನೊಂದು ಮಂದಿ ಬರೂರಿದ್ರಿ. ಉಳದವ್ರು ಎಲ್ಲಿ?’

‘ಹೈದರಾಬಾದಿನಾಗ ಸಿಮೆಂಟ್ ಕಲಸ್ಲಾಕತ್ತಾರ್ರಿ. ಫೋನಿನ್ಯಾಗ ಮೊದಲೇ ಹೇಳೇನಿ. ಒಂದು ಪಾಳಿ ಕೇಳ್ರಿ. ಬ್ಯಾಡಾದ್ರ ಸುಪಾರಿ ತಿರುಗಿ ಕೊಟ್ಟು ಹೋಗ್ತೇವಿ.’

‘ಆ ಡಬ್ಬಿ ಬಾರಸ್ತದೇನು?’

‘ಡಬ್ಬಿ ಬಾರಸೂದಿಲ್ರಿ. ನಮ್ಮ ಮಾಣಿಕ ಬಾರಸ್ತಾನ.’

ಅವರು ನಮ್ಮ ಪ್ಯಾಡ್, ಸ್ಪೀಕರ್ ಇಟ್ಟಿದ್ದ ಬಾಡಿಗೆ ಗಾಡಿಯ ಹಿಂದೆ ಹೋಗಿ, ಮಾಣಿಕ ಕಾಣದ ಕಡೆ ನಿಂತರು. ಅದು ನನಗೆ ಹಿಡಿಸಿತು. ಮಾಣಿಕ ಮೊದಲು ಕಡ್ಡಿ ಸವರಿದ, ಆಮೇಲೆ ದಪ್ಪ ಕೋಲು ಎತ್ತಿದ. ಅಡುಗೆ ಮನೆಯಿಂದ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಒಂದು ಪಾಳಿ ಮುಗಿಯಿತು. ಸೋದರಮಾವ ಗಾಡಿಯ ಸುತ್ತ ಬಂದು ನೆಲ ನೋಡಿದರು. ಎಲ್ಲೂ ಬೂದಿ ಇರಲಿಲ್ಲ.

‘ಹಲಗಿ ಯಾರು ಕಾಯಿಸ್ಯಾರ?’ ಎಂದರು.

‘ನಾನೇ.’

‘ಚಲೋ ಕಾಯಿಸೀರಿ. ನಡೀರಿ ಇನ್ನ, ಹೊತ್ತಾಗ್ತದ.’

ಆ ಬಳಗದ ನಾಲ್ಕೂ ಮದುವೆಗಳಿಗೆ ಬಾರಿಸಿದೆವು. ಮಾಣಿಕನ ಹೆಂಡತಿ ಗಂಟು ಬಿಚ್ಚಿ ಹಾಸಿಗೆ ಬಟ್ಟೆ ಬಿಸಿಲಿಗೆ ಹಾಕಿದಳು. ಮಳೆ ಬಂದ ಮೇಲೆ ಐದು ಜನ ತಿರುಗಿ ಬಂದರು. ಇಬ್ಬರು ಹೈದರಾಬಾದಿನಲ್ಲೇ ನಿಂತರು, ಚೆನ್ನಾಗಿದ್ದಾರೆ. ಅವರ ಪೆಟ್ಟಿನ ಜಾಗ ಪ್ಯಾಡಿನಲ್ಲಿ ಹಾಗೆಯೇ ಇಟ್ಟಿದ್ದೇವೆ.

ಈಗ ಕೆಲಸವನ್ನು ರೇಖಾ ನೋಡಿಕೊಳ್ಳುತ್ತಾಳೆ. ಯಾವ ಪ್ಯಾಡ್ ಕೊಳ್ಳಬೇಕು ಎಂದು ಕೇಳಿಕೊಂಡು ಸುತ್ತಲಿನ ಬ್ಯಾಂಡಿನವರು ನನ್ನ ಬಳಿ ಬರುತ್ತಾರೆ. ಮೈನೋದ್ದೀನ್ ಸಾಹೇಬರ ಅಂಗಡಿಗೆ ಹೋಗಿ ಎನ್ನುತ್ತೇನೆ. ಅದು ಅವರಿಗೆ ನಾನು ಹೇಳುವ ಶರಣು. ಒಳಗೆ ಎಷ್ಟು ಸದ್ದಿವೆ ಎಂದು ಕೇಳಬೇಡಿ, ನಿಮ್ಮ ಮೆಲ್ಲನೆಯ ಪೆಟ್ಟು ಅದಕ್ಕೆ ಕೇಳಿಸುತ್ತದೋ ನೋಡಿ ಎನ್ನುತ್ತೇನೆ. ಕೇಳಿಸಿಯೂ ಸದ್ದು ಕೆಟ್ಟಿದ್ದರೆ ಮೊದಲು ಮನೆಗೆ ಹೋಗಿ ನಿಮ್ಮ ತೊಗಲು ಮುಟ್ಟಿ ನೋಡಿ. ಅಂಗಡಿಯವನನ್ನು ಬೈಯುವುದು ಆಮೇಲೆ.