ಯಜಮಾನರ ಕಿವಿ

ನಮ್ಮ ಯಜಮಾನರು ನಗರ್ತಪೇಟೆಯ ಸೀರೆ ಅಂಗಡಿಯಲ್ಲಿ ಆಯುಸ್ಸು ಸವೆಸಿದವರು. ಗಿರಾಕಿ ಹೇಳಿದ್ದು ಕೇಳಿಸದಿದ್ದರೂ "ಏನಂದ್ರಿ?" ಅಂತ ಮಾತ್ರ ಕೇಳುತ್ತಿರಲಿಲ್ಲ. ಕಿವಿ ಕೇಳದ ವ್ಯಾಪಾರಿ ಅಂತ ಹೆಸರು ಬಿದ್ದರೆ ಬಂದವರೆಲ್ಲ ಪಕ್ಕದ ಅಂಗಡಿ ಹತ್ತುತ್ತಾರೆ ಅನ್ನುವ ಭಯ. ನಗುತ್ತಾ ತಲೆಯಾಡಿಸಿ ಇನ್ನೊಂದು ಸೀರೆ ಬಿಡಿಸಿ ಹಾಕುತ್ತಿದ್ದರು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ತ್ಯಾಗರಾಜನಗರದ ಮನೆಯಲ್ಲಿ ಕೂತ ಮೇಲೂ ಆ ತಲೆಯಾಟ ಬಿಡಲಿಲ್ಲ.

ನಮ್ಮತ್ತೆಗೆ ಕೊನೆಗಾಲದಲ್ಲಿ ಮಕ್ಕಳ ಗುರುತೇ ಸಿಗುತ್ತಿರಲಿಲ್ಲ. ಹಾಗಾಗಿ ಇವರು ಕೀಲಿಕೈ ಎಲ್ಲಿಟ್ಟೆ ಅಂತ ಪದೇಪದೇ ಹುಡುಕತೊಡಗಿದಾಗ ನನಗೂ ಅದೇ ಭಯ ಹತ್ತಿತು. ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಮರೆವಿಗೆ ಮಾತ್ರೆ ಬರೆಯಲಿಲ್ಲ. ಇದಿನ್ನೂ ಕಾಯಿಲೆಯಲ್ಲ, ಆದರೆ ಬರುವ ಸಾಧ್ಯತೆ ಇದೆ. ದಿನಾ ನಡೆಯಲಿ, ಬಿಪಿ ಹಿಡಿತದಲ್ಲಿರಲಿ, ಕಿವಿ ಕೇಳದೆ ಮಾತು ಕಡಿಮೆಯಾದರೆ ಮರೆವು ಬೇಗ ಹತ್ತುತ್ತದೆ, ಎಲ್ಲಕ್ಕಿಂತ ಮೊದಲು ಕಿವಿಗೆ ಮೆಷಿನ್ ಹಾಕಿಕೊಂಡು ನಾಲ್ಕು ಜನರ ಜೊತೆ ಮಾತಾಡಲಿ ಅಂದರು.

ಇವರು ನಡೆಯುವುದಕ್ಕೆ ಒಪ್ಪಿದರು. ಗಾಂಧಿ ಬಜಾರಿನವರೆಗೆ ನಡೆದು, ಪೇಟೆಯ ಹಳೇ ಗೆಳೆಯರ ಜೊತೆ ಬೈಟು ಕಾಫಿ ಕುಡಿದು ಬರುವುದು. ಮೆಷಿನ್ ಮಾತ್ರ ಬೀರುವಿನಲ್ಲಿ ಡಬ್ಬಿಯೊಳಗೇ ಉಳಿಯಿತು. ಹಾಕಿಕೊಳ್ಳಿ ಅಂದರೆ, "ನೀನಿದೀಯಲ್ಲ, ಹೇಳ್ತೀಯಲ್ಲ. ಸಾಕು ಬಿಡು" ಅಂದುಬಿಟ್ಟರು.

ಆ ಮಾತಿಗೆ ನಾನು ಉಬ್ಬಿಹೋದೆ. ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಹತ್ತಿರವೂ ಸೇರಿಸದ ಮನುಷ್ಯ ಈಗ ನನ್ನನ್ನು ಬಿಟ್ಟು ಕದಲುವುದಿಲ್ಲವಲ್ಲ ಅಂತ ಒಳಗೊಳಗೇ ಖುಷಿ. ಹೂವಿನವಳು ಎಷ್ಟು ಮೊಳ ಅಂದರೆ ಉತ್ತರ ನನ್ನದು. ಬೀಗರು ಆರೋಗ್ಯ ವಿಚಾರಿಸಿದರೂ ನನ್ನದೇ. ಕಾಫಿಗೂ ಜೊತೆಗೆ ಹೊರಟೆ. ಗೆಳೆಯರು ಮೆಲ್ಲಗೆ ಇವರನ್ನು ಬಿಟ್ಟು ನನ್ನ ಕಡೆ ತಿರುಗಿ ಮಾತಾಡತೊಡಗಿದರು. ಆಮೇಲೆ ಇವರು ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದರು. ಯಾಕೆ ಅಂತ ಕೇಳಿದರೆ ಬೇಜಾರು ಅಂದರು. ವಯಸ್ಸಾಯಿತಲ್ಲ ಅಂತ ನಾನೂ ಸುಮ್ಮನಾದೆ.

ಕೊನೆಗೆ ಮರೆವು ಕಾಯಿಲೆಯಾಗಿಯೇ ಬಂತು. ಈಗ ಮೆಷಿನ್ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ವಿಭೂತಿ ಹಚ್ಚಿದ ಮೇಲೆ ನಾನೇ ಕಿವಿಗೆ ಸಿಕ್ಕಿಸುತ್ತೇನೆ. ಹಠವಿಲ್ಲ. ಆ ಹಠವಾದರೂ ಇರಬಾರದಿತ್ತೇ ಅನ್ನಿಸುತ್ತದೆ. ಮೊದಲೇ ಹಾಕಿದ್ದರೆ ಮರೆವು ಬರುತ್ತಲೇ ಇರಲಿಲ್ಲ ಅಂತ ಡಾಕ್ಟರೂ ಹೇಳುವುದಿಲ್ಲ. ಇನ್ನಷ್ಟು ತಡವಾಗಿ ಬರುತ್ತಿತ್ತೇನೋ ಅನ್ನುತ್ತಾರೆ. ನನ್ನ ಸಂಕಟಕ್ಕೆ ಅಷ್ಟು ಸಾಕು.

ಮೊನ್ನೆ ಆ ಗೆಳೆಯರಲ್ಲೊಬ್ಬರು ಮನೆಗೆ ಬಂದರು. ಪಕ್ಕದಲ್ಲೇ ಕೂತು, ಇವರ ಕೈ ಹಿಡಿದು, "ಕಾಫಿಗೆ ಹೋಗೋಣ, ಬರ್ತೀಯೇನಯ್ಯ?" ಅಂದರು. ಇವರಿಗೆ ಚೆನ್ನಾಗಿಯೇ ಕೇಳಿಸಿತು, ಕಣ್ಣರಳಿತು. ಉತ್ತರ ಇವರೇ ಹೇಳಲಿ ಅಂತ ನಾನು ಬೇಕೆಂದೇ ತುಟಿ ಬಿಗಿಹಿಡಿದು ಕೂತೆ. ಆಮೇಲೆ ಯಜಮಾನರು ನನ್ನ ಕಡೆ ತಿರುಗಿ, ನಾನು ಏನು ಹೇಳುತ್ತೇನೋ ಅಂತ ಕಾಯುತ್ತಾ ಕೂತರು.